ರಿಗ್ ಕಂಪ್ಯೂಟರಿನ ಮಾತು ಕೇಳದಿದ್ದಾಗ

2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ದಾರಿ ಮುಚ್ಚಿತ್ತು. 1974ರಲ್ಲಿ ನೇತ್ರಾವತಿ ಬಂಟ್ವಾಳ ಪೇಟೆಗೇ ನುಗ್ಗಿದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹ್ಯಾಮ್ ರೇಡಿಯೊದವರು ಮಳೆಗಾಲಕ್ಕೆ ಮೊದಲೇ ತಮ್ಮ ಸ್ಟೇಷನ್ ಸಜ್ಜು ಮಾಡಿಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ. ಮೈಕ್ ಹಿಡಿದು ಮಾತಾಡಲು ರಿಗ್ ಒಂದೇ ಸಾಕು. ಎಫ್‌ಟಿ8 ಅಥವಾ ವಿನ್‌ಲಿಂಕ್ ಇಮೇಲ್ ಬೇಕೆಂದರೆ ಕಂಪ್ಯೂಟರೇ ಫ್ರೀಕ್ವೆನ್ಸಿ ಬದಲಿಸಬೇಕು, ಪಿಟಿಟಿ ಒತ್ತಬೇಕು. ಅದು ನಡೆಯುವುದು ಸೀರಿಯಲ್ ಪೋರ್ಟಿನಲ್ಲಿ. ಹೆಚ್ಚಿನವರು ಸೋತು ಕೈಬಿಡುವುದೂ ಅಲ್ಲೇ.

1. ಒಂದು ತುದಿಯಿಂದ ಹೊರಡಿ. ಮೊದಲು ಕಂಪ್ಯೂಟರ್, ಆಮೇಲೆ ಡ್ರೈವರ್, ಕೇಬಲ್, ರಿಗ್ಗಿನ ಮೆನು, ಕೊನೆಗೆ ಸಾಫ್ಟ್‌ವೇರ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿದವರಿಗೆ ಯಾವುದು ಸರಿಯಾಯಿತೆಂದು ಗೊತ್ತಾಗುವುದೇ ಇಲ್ಲ.

2. ಪೋರ್ಟ್ ಕಾಣುತ್ತಿದೆಯೇ ನೋಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದಿಟ್ಟು ಕೇಬಲ್ ಕಿತ್ತು ಮತ್ತೆ ಚುಚ್ಚಿ. ಹೋಗಿ ಬಂದ ಕಾಮ್ ನಂಬರೇ ನಿಮ್ಮದು. ಯುಎಸ್‌ಬಿ ಕಿಂಡಿ ಬದಲಾದರೆ ಈ ನಂಬರೂ ಬದಲಾಗಬಹುದು, ಆದ್ದರಿಂದ ಒಂದೇ ಕಿಂಡಿಗೆ ಅಂಟಿಕೊಳ್ಳಿ. ಲಿನಕ್ಸ್‌ನಲ್ಲಿ ಪೋರ್ಟ್ ಕಂಡರೂ ಅನುಮತಿ ಇಲ್ಲ ಎಂದರೆ ನಿಮ್ಮ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ. ಉಬುಂಟು 22.04ರಲ್ಲಿ ಅಂಧರ ಬ್ರೈಲ್ ಸಾಧನಕ್ಕೆಂದು ಇರುವ ತಂತ್ರಾಂಶ ಸಿಎಚ್340 ಚಿಪ್ಪಿನ ಕೇಬಲನ್ನು ತನ್ನದೆಂದು ಕಿತ್ತುಕೊಳ್ಳುವುದುಂಟು. ಬ್ರೈಲ್ ಸಾಧನ ಬಳಸದವರು ಅದನ್ನು ತೆಗೆದುಹಾಕಿದರೆ ಪೋರ್ಟ್ ಸಿಗುತ್ತದೆ.

3. ಚಿಪ್ ಯಾವುದೆಂದು ಕೇಳಿ ಕೇಬಲ್ ಕೊಳ್ಳಿ. ಪ್ರೋಲಿಫಿಕ್ ಪಿಎಲ್2303 ಚಿಪ್ಪಿನ ನಕಲುಗಳು ಮಾರುಕಟ್ಟೆಯಲ್ಲಿ ತುಂಬಿವೆ. ಹೊಸ ಡ್ರೈವರ್ ಅವನ್ನು ಒಪ್ಪುವುದಿಲ್ಲ. ಹಳದಿ ಗುರುತು, ಕೋಡ್ 10 ಎಂಬ ದೋಷ ಕಾಣಿಸುತ್ತದೆ. ನೂರಿನ್ನೂರು ಹೆಚ್ಚಾದರೂ ಅಸಲಿ ಎಫ್‌ಟಿಡಿಐ ಅಥವಾ ಸಿಪಿ2102 ಚಿಪ್ಪಿನದನ್ನೇ ಕೊಳ್ಳಿ ಎಂಬುದು ನನ್ನ ಖಚಿತ ಸಲಹೆ.

4. ಕೇಬಲನ್ನು ಒಂಟಿಯಾಗಿ ಪರೀಕ್ಷಿಸಿ. ರಿಗ್ಗಿನಿಂದ ಬಿಡಿಸಿ, ಒಂಬತ್ತು ಪಿನ್ನಿನ ಕನೆಕ್ಟರಿನ 2 ಮತ್ತು 3ನೇ ಪಿನ್ ಜೋಡಿಸಿ, ಪುಟ್ಟಿಯಂಥ ಟರ್ಮಿನಲ್ ತಂತ್ರಾಂಶದಲ್ಲಿ ಅಕ್ಷರ ಒತ್ತಿ. ಒತ್ತಿದ್ದು ತೆರೆಯ ಮೇಲೆ ಮೂಡಿದರೆ ಕಂಪ್ಯೂಟರ್, ಡ್ರೈವರ್, ಕೇಬಲ್ ಮೂರೂ ಚೆನ್ನಾಗಿವೆ. ಪಿನ್‌ಗಳ ಜೋಡಣೆ ಬಿಡಿಸಿದಾಗ ಅಕ್ಷರ ಮೂಡುವುದು ನಿಲ್ಲಬೇಕು ಎಂಬುದನ್ನೂ ನೋಡಿಕೊಳ್ಳಿ.

5. ವೋಲ್ಟೇಜ್ ತಿಳಿಯದೆ ಚುಚ್ಚಬೇಡಿ. ಇದೊಂದರಲ್ಲಿ ತಪ್ಪಿದರೆ ರಿಗ್ ಸುಡಬಹುದು. ಆರ್‌ಎಸ್-232ರಲ್ಲಿ ಸಂಕೇತ ಸೊನ್ನೆಯ ಆಚೀಚೆ 3ರಿಂದ 15 ವೋಲ್ಟ್ ತನಕ ಏರಿಳಿಯುತ್ತದೆ. ಕೆನ್‌ವುಡ್ ಟಿಎಸ್-2000ರ ಒಂಬತ್ತು ಪಿನ್ನಿಗೆ ಅದೇ ಸರಿ. ಯಾಸು ಎಫ್‌ಟಿ-817, 857ರ ಕಂಪ್ಯೂಟರ್ ನಿಯಂತ್ರಣದ ಕ್ಯಾಟ್ ಜಾಕ್ ಮತ್ತು ಐಕಾಮ್‌ನ ಸಿಐ-ವಿ ಜಾಕ್ 5 ವೋಲ್ಟಿನ ಟಿಟಿಎಲ್ ಸಂಕೇತದವು. ಇವಕ್ಕೆ ನಡುವೆ ಪರಿವರ್ತಕ ಇರಲೇಬೇಕು.

6. ರಿಗ್ಗಿನ ಮೆನು ಓದಿ. ಬಾಡ್ ರೇಟ್ ಎರಡೂ ಕಡೆ ಒಂದೇ ಇರಲಿ. ಎಫ್‌ಟಿ-857, 897ರಲ್ಲಿ ಒಂದೇ ಜಾಕನ್ನು ಕ್ಯಾಟ್, ಲೀನಿಯರ್, ಟ್ಯೂನರ್ ಮೂರೂ ಹಂಚಿಕೊಳ್ಳುತ್ತವೆ. ಮೆನುವಿನಲ್ಲಿ ಕ್ಯಾಟ್ ಆರಿಸದಿದ್ದರೆ ಎಷ್ಟು ಕೇಬಲ್ ಬದಲಿಸಿದರೂ ವ್ಯರ್ಥ. ಐಕಾಮ್ ಐಸಿ-7300ಕ್ಕೆ ಸಿಐ-ವಿ ವಿಳಾಸ 94 ಹೆಕ್ಸ್. ಕೆನ್‌ವುಡ್‌ನಲ್ಲಿ 4800 ಬಾಡ್ ಇಟ್ಟರೆ ಎರಡು ಸ್ಟಾಪ್ ಬಿಟ್ ಬೇಕು. ಎಫ್‌ಟಿ-991ಎ ಒಂದೇ ಯುಎಸ್‌ಬಿಯಲ್ಲಿ ಎರಡು ಪೋರ್ಟ್ ತೋರಿಸುತ್ತದೆ, ಕ್ಯಾಟ್‌ಗೆ ಎನ್‌ಹಾನ್ಸ್ಡ್ ಎಂದಿರುವುದನ್ನು ಹಿಡಿಯಿರಿ.

7. ರಿಗ್ಗನ್ನೇ ಕೇಳಿ. ಕೆನ್‌ವುಡ್‌ಗೆ ಟರ್ಮಿನಲ್ಲಿನಿಂದ ‘ಐಡಿ’ ಎಂಬ ಎರಡು ಇಂಗ್ಲಿಷ್ ಅಕ್ಷರ, ಮೇಲೊಂದು ಅರ್ಧವಿರಾಮ ಕಳಿಸಿ. ಟಿಎಸ್-2000 ಆದರೆ ‘ಐಡಿ019’ ಎನ್ನುತ್ತದೆ. ಅದು ಬಂದಮೇಲೂ ಲಾಗಿಂಗ್ ತಂತ್ರಾಂಶ ನಡೆಯದಿದ್ದರೆ ತಪ್ಪು ತಂತ್ರಾಂಶದ ಸೆಟ್ಟಿಂಗ್‌ನಲ್ಲಿದೆ.

8. ಒಂದು ಪೋರ್ಟಿಗೆ ಒಂದೇ ಪ್ರೋಗ್ರಾಂ. ಎಫ್‌ಎಲ್‌ರಿಗ್ ತೆರೆದಿರುವಾಗ ಡಬ್ಲ್ಯುಎಸ್‌ಜೆಟಿ-ಎಕ್ಸ್ ಅದೇ ಪೋರ್ಟ್ ಕೇಳಿದರೆ ಸಿಗದು. ಡಬ್ಲ್ಯುಎಸ್‌ಜೆಟಿ-ಎಕ್ಸ್‌ನಲ್ಲಿ ಎಫ್‌ಎಲ್‌ರಿಗ್ ಮೂಲಕವೇ ಹೋಗುವಂತೆ ಆರಿಸಿ.

9. ಪೋರ್ಟ್ ತೆರೆದ ಕೂಡಲೇ ರಿಗ್ ಟ್ರಾನ್ಸ್‌ಮಿಟ್‌ಗೆ ಹೋಗುತ್ತಿದೆಯೇ? ಆರ್‌ಟಿಎಸ್ ಅಥವಾ ಡಿಟಿಆರ್ ಗೆರೆ ಪಿಟಿಟಿ ಎಳೆಯುತ್ತಿದೆ. ಎರಡನ್ನೂ ಆಫ್ ಮಾಡಿ. ಹೊಸ ಜೋಡಣೆಯನ್ನು ಯಾವಾಗಲೂ ಡಮ್ಮಿ ಲೋಡಿನ ಮೇಲೆ ಮೊದಲು ಪರೀಕ್ಷಿಸಿ.

10. ಕೇಳುವಾಗ ಸರಿ, ಕಳಿಸುವಾಗ ಸಂಪರ್ಕ ಕಡಿಯುತ್ತಿದ್ದರೆ ಅದು ಆರ್‌ಎಫ್. ನಮ್ಮ ಕಡೆ ಇದು ಬಹಳ. ಅಡಿಕೆ ಮರದಿಂದ ಮನೆಯ ಮಾಡಿನ ತನಕ ಎಂಡ್‌ಫೆಡ್ ತಂತಿ ಎಳೆದಿರುತ್ತೇವೆ, ಅದರ ತುದಿ ಕಂಪ್ಯೂಟರಿನ ನೆತ್ತಿಯ ಮೇಲೇ ಇರುತ್ತದೆ. 7074 ಕಿಲೋಹರ್ಟ್ಸ್‌ನಲ್ಲಿ ಪವರನ್ನು 5 ವಾಟಿಗೆ ಇಳಿಸಿ ನೋಡಿ. ಆಗ ಸಂಪರ್ಕ ಕಡಿಯದೆ ಉಳಿದರೆ ರೋಗ ತಿಳಿದಂತೆ. ಯುಎಸ್‌ಬಿ ಕೇಬಲ್ ಗಿಡ್ಡ ಮಾಡಿ, ಫೆರೈಟ್ ರಿಂಗಿನಲ್ಲಿ ಆರೇಳು ಸುತ್ತು ಹಾಕಿ. ಕೋಆಕ್ಸ್ ಮನೆಯೊಳಗೆ ಬರುವಲ್ಲಿ ಚೋಕ್ ಇಡಿ. ಮೇಲಂತಸ್ತಿನಿಂದ ಉದ್ದ ಅರ್ಥಿಂಗ್ ತಂತಿ ಇಳಿಸಿದರೆ ಇದು ವಾಸಿಯಾಗುವುದಿಲ್ಲ, ಆ ತಂತಿಯೂ ಆಂಟೆನಾದಂತೆ ವರ್ತಿಸುತ್ತದೆ. ಅರ್ಥಿಂಗ್ ಬೇಕಿರುವುದು ಸಿಡಿಲಿಗೆ. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿ ಅದೂ ಸೊರಗುತ್ತದೆ, ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಿರಿ.

11. ಆಟಿಯ ತೇವಕ್ಕೆ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಪಗ್ಗು ತಿಂಗಳ ಸಂಜೆ ಗುಡುಗು ಕೇಳಿದರೆ ಆಂಟೆನಾ ಬಿಡಿಸುವುದರ ಜೊತೆಗೆ ಸೀರಿಯಲ್ ಕೇಬಲನ್ನೂ ಬಿಡಿಸಿ. ಸಿಡಿಲಿನ ಪೆಟ್ಟು ರಿಗ್ಗಿನಿಂದ ಲ್ಯಾಪ್‌ಟಾಪ್‌ಗೆ ದಾಟುವ ದಾರಿ ಅದು.

12. ಕೈಸೆಟ್ ಪ್ರೋಗ್ರಾಂ ಮಾಡುವಾಗ ಚಿರ್ಪ್ ‘ರೇಡಿಯೊ ಉತ್ತರಿಸುತ್ತಿಲ್ಲ’ ಎಂದರೆ ಬಾವೊಫೆಂಗ್‌ನ ಎರಡು ಪಿನ್ನಿನ ಪ್ಲಗ್ಗನ್ನು ಟಕ್ ಎನ್ನುವ ತನಕ ಒತ್ತಿ. ಪ್ಲಗ್ಗಿನ ರಬ್ಬರ್ ಅಂಚು ಸೆಟ್ಟಿನ ಕವಚಕ್ಕೆ ತಾಗಿ ಪೂರ್ತಿ ಇಳಿಯದಿದ್ದರೆ ಬ್ಲೇಡಿನಲ್ಲಿ ತುಸು ಕೆತ್ತಿ.