ಸಂತಾನಹೀನತೆ: ಹೊಣೆ ಯಾರದು?

ವಿಶಾಖಪಟ್ಟಣದ ಸಮೀಪದ ಸಿಂಹಾಚಲದಲ್ಲಿ, ವರಾಹ ನರಸಿಂಹಸ್ವಾಮಿಯ ದೇಗುಲದೊಳಗೆ ಕಪ್ಪಸ್ತಂಭವೆಂಬ ಕಂಬವೊಂದಿದೆ. ಅದನ್ನು ಆಲಿಂಗಿಸಿ ಬೇಡಿಕೊಂಡರೆ ಸಂತಾನಪ್ರಾಪ್ತಿಯಾಗುವುದೆಂಬುದು ಭಕ್ತರ ನಂಬಿಕೆ. ಶ್ರದ್ಧೆಯು ಮನಸ್ಸಿಗೆ ಧೈರ್ಯವನ್ನೀಯಬಲ್ಲುದು. ಆದರೆ ಬಂಜೆಯೆಂಬ ಹೆಸರನ್ನು ಸಮಾಜವು ಸ್ತ್ರೀಗೆ ಮಾತ್ರ ಅಂಟಿಸುತ್ತ ಬಂದಿರುವುದು ಅನ್ಯಾಯ.

ಗರ್ಭಧಾರಣೆಗೆ ಸ್ತ್ರೀಯ ಅಂಡಾಣು, ಪುರುಷನ ವೀರ್ಯಾಣು ಎರಡೂ ಬೇಕು. ಸಾಮಾನ್ಯವಾಗಿ ತಿಂಗಳಿಗೊಮ್ಮೆ ಅಂಡಾಶಯದಿಂದ ಹೊರಬರುವ ಅಂಡಾಣುವಿನ ಆಯುಷ್ಯ ಸುಮಾರು 24 ಗಂಟೆ. ವೀರ್ಯಾಣುಗಳು ಸ್ತ್ರೀದೇಹದಲ್ಲಿ 5 ದಿನಗಳವರೆಗೂ ಜೀವಿಸಬಲ್ಲವು. ಇವೆರಡರ ಮಿಲನ ಗರ್ಭನಾಳದಲ್ಲಿ ಆಗುವುದು. ನಾಳವು ಮುಚ್ಚಿಕೊಂಡಿದ್ದರೂ, ಅಂಡಾಣು ಬಿಡುಗಡೆಯಾಗದಿದ್ದರೂ, ವೀರ್ಯಾಣುಗಳ ಸಂಖ್ಯೆ ಅಥವಾ ಚಲನೆ ಕುಂದಿದ್ದರೂ ಗರ್ಭ ನಿಲ್ಲುವುದು ಕಷ್ಟ. ಸಂಭೋಗಶಕ್ತಿಯುಳ್ಳ ಪುರುಷನಲ್ಲಿಯೂ ವೀರ್ಯಾಣುಗಳ ಕೊರತೆಯಿರಬಹುದು. ಸಂತಾನವಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ.

ಆದುದರಿಂದ, ಗರ್ಭನಿರೋಧಕ ಬಳಸದೆ ಒಂದು ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ, ಪತ್ನಿಯ ವಯಸ್ಸು 35 ದಾಟಿದ್ದಲ್ಲಿ 6 ತಿಂಗಳಿಗೇ, ದಂಪತಿಗಳಿಬ್ಬರೂ ವೈದ್ಯರನ್ನು ಕಾಣಬೇಕು. ವೀರ್ಯಪರೀಕ್ಷೆ ಸರಳವಾದುದು, ನೋವಿಲ್ಲದ್ದು. ಪತ್ನಿಯನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುವ ಮುನ್ನವೇ ಅದು ನಡೆಯಬೇಕು. ರಜೆಗೆಂದು ಊರಿಗೆ ಬಂದ ಸೊಸೆಯನ್ನು ಪ್ರತಿ ಬಾರಿಯೂ 'ಏನಾದರೂ ವಿಶೇಷವುಂಟೆ?' ಎಂದು ಕೇಳುವ ಬಂಧುಗಳೂ ಇದನ್ನರಿಯಬೇಕು. ಹರಕೆ ಇಬ್ಬರದಾದರೆ ಪರೀಕ್ಷೆಯೂ ಇಬ್ಬರದಾಗಲಿ.