ಮೇನ್‌ಫ್ರೇಮಿಗೆ ಬಂದ ಲಿನಕ್ಸ್

ಬ್ಯಾಂಕಿನಲ್ಲಿ ಹಣವಿಟ್ಟವನು ದಿನವೂ ಹೋಗಿ ಅದನ್ನು ಎಣಿಸಿ ನೋಡುವುದಿಲ್ಲ. ತನ್ನ ಖಾತೆಯ ಲೆಕ್ಕ ಎಲ್ಲಿಯೋ ಭದ್ರವಾಗಿದೆ, ಕೇಳಿದ ಗಳಿಗೆಯಲ್ಲಿ ತಪ್ಪಿಲ್ಲದೆ ದೊರೆಯುತ್ತದೆ ಎಂಬ ನಂಬಿಕೆ ಅವನದು. ಪ್ರಪಂಚದ ಅನೇಕ ದೊಡ್ಡ ಬ್ಯಾಂಕುಗಳಲ್ಲಿ, ವಿಮಾ ಸಂಸ್ಥೆಗಳಲ್ಲಿ, ಸರ್ಕಾರಿ ಇಲಾಖೆಗಳಲ್ಲಿ ಈ ನಂಬಿಕೆಯ ಭಾರವನ್ನು ಹೊತ್ತಿರುವುದು ಮೇನ್‌ಫ್ರೇಮ್ ಎಂಬ ದೊಡ್ಡ ಗಣಕಯಂತ್ರ. ಅದು ಒಂದು ಗಂಟೆ ನಿಂತಿತೆಂದರೆ ಸಾವಿರಾರು ಜನರ ವ್ಯವಹಾರ ನಿಂತಂತೆ. ಆದುದರಿಂದ ಅದರ ಒಡೆಯರು ಹೊಸದೊಂದನ್ನು ಒಳಗೆ ಬಿಡುವ ಮೊದಲು ಹತ್ತು ಸಲ ಯೋಚಿಸುತ್ತಾರೆ. ಹೀಗಿದ್ದರೂ ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿ ತನ್ನ ಸಣ್ಣ ಗಣಕಕ್ಕಾಗಿ ಬರೆಯತೊಡಗಿದ ತಂತ್ರಾಂಶವೊಂದು, ಹತ್ತು ವರ್ಷ ತುಂಬುವ ಮೊದಲೇ ಈ ಮಹಾಯಂತ್ರವನ್ನು ಪ್ರವೇಶಿಸಿತು. ಅದು ಹೇಗೆ ಬಂದಿತು, ಬಂದು ಏನನ್ನು ಉಳಿಸಿತು, ಏನನ್ನು ಬೇಡಿತು ಎಂಬುದು ತಿಳಿಯತಕ್ಕ ವಿಷಯ.

ಮೇನ್‌ಫ್ರೇಮ್‌ಗಳ ಚರಿತ್ರೆಯಲ್ಲಿ 1964ನೆಯ ವರ್ಷ ಮುಖ್ಯವಾದುದು. ಆ ವರ್ಷದ ಏಪ್ರಿಲ್ 7ರಂದು ಅಮೆರಿಕದ ಐಬಿಎಂ ಸಂಸ್ಥೆ ‘ಸಿಸ್ಟಂ/360’ ಎಂಬ ಯಂತ್ರಗಳ ಕುಟುಂಬವನ್ನು ಪ್ರಕಟಿಸಿತು. ಅದಕ್ಕೆ ಮೊದಲು ಒಂದು ಮಾದರಿಯ ಗಣಕಕ್ಕೆ ಬರೆದ ಪ್ರೋಗ್ರಾಂ ಇನ್ನೊಂದು ಮಾದರಿಗೆ ಸಾಮಾನ್ಯವಾಗಿ ಒಗ್ಗುತ್ತಿರಲಿಲ್ಲ. ಹೊಸ ಯಂತ್ರ ಕೊಂಡವರು ಪ್ರೋಗ್ರಾಂಗಳನ್ನು ಮತ್ತೆ ಬರೆಯಬೇಕಾಗುತ್ತಿತ್ತು. ಸಿಸ್ಟಂ/360 ಈ ತೊಡಕನ್ನು ನಿವಾರಿಸಿತು. ಸಣ್ಣ ಮಾದರಿಯಲ್ಲಿ ಬರೆದುದು ದೊಡ್ಡ ಮಾದರಿಯಲ್ಲಿಯೂ ನಡೆಯಿತು. ಮುಂದೆ ಬಂದ ಯಂತ್ರಗಳೂ ಇದೇ ವಂಶದವು. ಇವುಗಳಲ್ಲಿ ಮುಖ್ಯ ಭಾಗಗಳೆಲ್ಲ ಒಂದಕ್ಕೆ ಎರಡಾಗಿರುತ್ತವೆ. ಒಂದು ಕೆಟ್ಟರೆ ಇನ್ನೊಂದು ಕೆಲಸವನ್ನು ವಹಿಸಿಕೊಳ್ಳುತ್ತದೆ. ಕೆಟ್ಟ ಅನೇಕ ಭಾಗಗಳನ್ನು ಯಂತ್ರ ನಡೆಯುತ್ತಿರುವಾಗಲೇ ಬದಲಾಯಿಸಬಹುದು.

ಆದರೆ ಕಾಲ ಬದಲಾಯಿತು. ಮೇಜಿನ ಮೇಲಿಡುವ ಸಣ್ಣ ಗಣಕಗಳು ಅಗ್ಗವಾಗಿ ಎಲ್ಲೆಡೆ ಹರಡಿದವು. ಮೇನ್‌ಫ್ರೇಮಿನ ಆಯುಸ್ಸು ಮುಗಿಯಿತೆಂದು ಹಲವರು ಭಾವಿಸಿದರು. ಸ್ಟೂವರ್ಟ್ ಆಲ್ಸಪ್ ಎಂಬ ಅಮೆರಿಕನ್ ಪತ್ರಕರ್ತರು, ಕೊನೆಯ ಮೇನ್‌ಫ್ರೇಮನ್ನು 1996ರ ಮಾರ್ಚ್ 15ರಂದು ನಿಲ್ಲಿಸಲಾಗುವುದೆಂದು 1991ರಲ್ಲಿ ಭವಿಷ್ಯ ನುಡಿದರು. ಆ ದಿನ ಬಂದು ಹೋಯಿತು, ಯಂತ್ರಗಳು ನಿಲ್ಲಲಿಲ್ಲ. ತಮ್ಮ ಮಾತು ತಪ್ಪಾಯಿತೆಂದು ಅವರು ಮುಂದೆ ತಾವೇ ಒಪ್ಪಿಕೊಂಡರು.

ಅದೇ 1991ರ ಆಗಸ್ಟ್ ತಿಂಗಳಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ತಾನು ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿ ಪ್ರಕಟಿಸಿದನು. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಕಾರ್ಯಾಚರಣ ವ್ಯವಸ್ಥೆಯೆಂದರೆ ಗಣಕದ ಎಲ್ಲ ಭಾಗಗಳನ್ನು ಹತೋಟಿಯಲ್ಲಿಟ್ಟು, ಬೇರೆ ಪ್ರೋಗ್ರಾಂಗಳಿಗೆ ಕೆಲಸ ಹಂಚುವ ಮೂಲ ತಂತ್ರಾಂಶ. ಅವನು ಬರೆದುದಕ್ಕೆ ಲಿನಕ್ಸ್ ಎಂದು ಹೆಸರಾಯಿತು. 1992ರಲ್ಲಿ ಅವನು ಅದನ್ನು ರಿಚರ್ಡ್ ಸ್ಟಾಲ್‌ಮನ್ ಅವರು ರೂಪಿಸಿದ ಪರವಾನಗಿಯ ಅಡಿಯಲ್ಲಿ ಲೋಕಕ್ಕೆ ಬಿಟ್ಟುಕೊಟ್ಟನು. ಆ ಪರವಾನಗಿಯ ತಿರುಳು ಸರಳವಾದುದು. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ತಿದ್ದಿ ಹಂಚುವವನು ತನ್ನ ತಿದ್ದುಪಡಿಯ ಮೂಲ ಬರಹವನ್ನೂ ಪಡೆಯುವವರಿಗೆ ಕೊಡಬೇಕು.

ಸಣ್ಣ ಗಣಕದ ಈ ತಂತ್ರಾಂಶವನ್ನು ಮೇನ್‌ಫ್ರೇಮಿಗೆ ಒಗ್ಗಿಸುವ ಯತ್ನವನ್ನು 1998ರಲ್ಲಿ ಐಬಿಎಂ ಸಂಸ್ಥೆಯ ಹೊರಗಿನ ಕೆಲವು ಉತ್ಸಾಹಿಗಳು ಕೈಗೊಂಡರು. ಜರ್ಮನಿಯ ಬೋಬ್ಲಿಂಗೆನ್ ನಗರದಲ್ಲಿದ್ದ ಐಬಿಎಂ ಪ್ರಯೋಗಾಲಯದ ಎಂಜಿನಿಯರರೂ ಅದೇ ಕೆಲಸದಲ್ಲಿ ತೊಡಗಿದರು. ಕೆಲಸ ಸುಲಭವಾಗಿರಲಿಲ್ಲ. ಮೇನ್‌ಫ್ರೇಮಿನ ಆಜ್ಞೆಗಳೇ ಬೇರೆ; ಅದು ಅಕ್ಷರಗಳನ್ನು ಗುರುತಿಸುವ ಸಂಖ್ಯೆಗಳೂ ಬೇರೆ. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ ಸಣ್ಣ ಗಣಕದಲ್ಲಿ 65 ಎಂಬ ಸಂಖ್ಯೆಯಾದರೆ, ಮೇನ್‌ಫ್ರೇಮಿನ ಹಳೆಯ ಪದ್ಧತಿಯಲ್ಲಿ 193. ಲಿನಕ್ಸ್ ತನ್ನೊಳಗೆ ತನ್ನ ಪದ್ಧತಿಯನ್ನೇ ಉಳಿಸಿಕೊಂಡು, ಹಳೆಯ ಸಾಧನಗಳೊಡನೆ ಮಾತನಾಡುವಾಗ ಮಾತ್ರ ಪರಿವರ್ತಿಸುವಂತೆ ಏರ್ಪಾಡಾಯಿತು. 1999ರ ಡಿಸೆಂಬರಿನಲ್ಲಿ ಐಬಿಎಂ ತನ್ನ ತಿದ್ದುಪಡಿಗಳನ್ನು ಬಹಿರಂಗಪಡಿಸಿತು. ನ್ಯೂಯಾರ್ಕ್ ರಾಜ್ಯದ ಪೂಕೀಪ್ಸಿಯಲ್ಲಿರುವ ಮ್ಯಾರಿಸ್ಟ್ ಕಾಲೇಜು ಈ ಲಿನಕ್ಸನ್ನು ಬೇಕಾದವರಿಗೆ ದೊರಕಿಸಿಕೊಟ್ಟಿತು. 2001ರ ಜನವರಿಯಲ್ಲಿ ಹೊರಬಂದ ಲಿನಕ್ಸಿನ 2.4ನೆಯ ಆವೃತ್ತಿಯ ಮೂಲ ಬರಹದಲ್ಲಿಯೇ ಮೇನ್‌ಫ್ರೇಮಿಗೆ ಬೇಕಾದ ಭಾಗ ಸೇರಿಹೋಗಿತ್ತು.

ಲಿನಕ್ಸಿಗೆ ಮೇನ್‌ಫ್ರೇಮಿನಲ್ಲಿ ಇಷ್ಟು ಬೇಗ ನೆಲೆ ದೊರೆಯಲು ಒಂದು ಹಳೆಯ ವಿದ್ಯೆ ಕಾರಣವಾಯಿತು. 1972ರಲ್ಲಿಯೇ ಐಬಿಎಂ ‘ವಿಎಂ/370’ ಎಂಬ ತಂತ್ರಾಂಶವನ್ನು ಪ್ರಕಟಿಸಿತ್ತು. ಅದು ಒಂದು ನಿಜವಾದ ಗಣಕವನ್ನು ಅನೇಕ ಕಲ್ಪಿತ ಗಣಕಗಳನ್ನಾಗಿ ವಿಭಜಿಸುತ್ತದೆ. ದೊಡ್ಡ ಛತ್ರವೊಂದರಲ್ಲಿ ಹಲವು ಕುಟುಂಬಗಳು ಬೇರೆ ಬೇರೆ ಕೋಣೆಗಳಲ್ಲಿ ಇಳಿದುಕೊಳ್ಳುವುದುಂಟು. ಬಾವಿ ಒಂದೇ, ಅಂಗಳ ಒಂದೇ. ಆದರೂ ಕೋಣೆಯ ಬೀಗ ಅವರವರದು. ಅದೇ ರೀತಿ ಪ್ರತಿಯೊಂದು ಲಿನಕ್ಸೂ ಇಡೀ ಗಣಕ ತನ್ನದೇ ಎಂದು ತಿಳಿದು ನಡೆಯುತ್ತದೆ. ಒಂದು ಕೆಟ್ಟು ನಿಂತರೂ ನೆರೆಯದಕ್ಕೆ ಅದರ ಅರಿವಾಗುವುದಿಲ್ಲ. 2000ದ ಸುಮಾರಿಗೆ ನಡೆದ ಒಂದು ಪರೀಕ್ಷೆಯಲ್ಲಿ ಒಂದೇ ಯಂತ್ರದೊಳಗೆ 41,400 ಲಿನಕ್ಸ್‌ಗಳನ್ನು ಎಬ್ಬಿಸಿ ನಿಲ್ಲಿಸಲಾಯಿತು. ಇದು ಯಂತ್ರದ ಮಿತಿಯನ್ನು ಅಳೆಯಲು ಮಾಡಿದ ಪ್ರಯೋಗ. ನಿತ್ಯದ ಬಳಕೆಯಲ್ಲಿ ಸಂಖ್ಯೆ ಇದಕ್ಕಿಂತ ಬಹಳ ಕಡಮೆ.

ಹೀಗೆ ಒಟ್ಟಿಗೆ ಬಾಳುವುದರಿಂದ ಒಂದು ವಿಚಿತ್ರವಾದ ತೊಂದರೆ ತಲೆದೋರಿತು. ಸಮಯದ ಲೆಕ್ಕವಿಡುವುದಕ್ಕಾಗಿ ಆಗಿನ ಲಿನಕ್ಸ್ ಸೆಕೆಂಡಿಗೆ ನೂರು ಸಲ ಎಚ್ಚರಗೊಳ್ಳುತ್ತಿತ್ತು. ಮಾಡಲು ಕೆಲಸವಿಲ್ಲದಿದ್ದರೂ ಎಚ್ಚರಗೊಂಡು, ಗಡಿಯಾರ ನೋಡಿ, ಮತ್ತೆ ಮಲಗುತ್ತಿತ್ತು. ಮೇಜಿನ ಮೇಲಿನ ಗಣಕದಲ್ಲಿ ಇದು ಲೆಕ್ಕಕ್ಕಿಲ್ಲದ ಶ್ರಮ. ಆದರೆ ಒಂದೇ ಯಂತ್ರದಲ್ಲಿ ನಾನೂರು ಲಿನಕ್ಸ್‌ಗಳಿದ್ದರೆ ಸೆಕೆಂಡಿಗೆ ನಲವತ್ತು ಸಾವಿರ ಸಲ ಯಾರಾದರೊಬ್ಬರು ಎಚ್ಚರಗೊಂಡಂತಾಯಿತು! ಏನನ್ನೂ ಮಾಡದವರೇ ಯಂತ್ರದ ಶಕ್ತಿಯನ್ನು ಕಬಳಿಸತೊಡಗಿದರು. ಮೂಲ ಬರಹ ಕೈಯಲ್ಲಿದ್ದುದರಿಂದ ಬೋಬ್ಲಿಂಗೆನ್‌ನ ಎಂಜಿನಿಯರರು 2001ರಲ್ಲಿ ಇದಕ್ಕೆ ಪರಿಹಾರ ಕಂಡುಹಿಡಿದರು. ಮುಂದಿನ ಕೆಲಸ ಯಾವಾಗ ಇದೆಯೋ ಆಗ ಮಾತ್ರ ಎಚ್ಚರಗೊಳ್ಳುವಂತೆ ಲಿನಕ್ಸನ್ನು ತಿದ್ದಿದರು. ಇದೇ ಬಗೆಯ ವಿಧಾನವನ್ನು ಬೇರೆ ಎಂಜಿನಿಯರರು ಸಾಮಾನ್ಯ ಗಣಕಗಳಿಗೂ ರೂಪಿಸಿದರು. 2007ರಲ್ಲಿ ಅದು ಲಿನಕ್ಸಿನ ಮೂಲವನ್ನು ಸೇರಿತು. ಅಲ್ಲಿ ಅದರಿಂದ ಉಳಿದುದು ಲ್ಯಾಪ್‌ಟಾಪಿನ ಬ್ಯಾಟರಿ. ಕೊರತೆಯನ್ನು ಕಂಡವರೇ ತಿದ್ದಲು ಅವಕಾಶವಿರುವುದರ ಫಲ ಇದು.

ಇನ್ನು ವೆಚ್ಚದ ಮಾತು. ಲಿನಕ್ಸಿಗೆ ಬೆಲೆಯಿಲ್ಲ, ಆದರೆ ಅದು ನಡೆಯುವ ಮೇನ್‌ಫ್ರೇಮಿಗೆ ಬಹಳ ಬೆಲೆ. ಐಬಿಎಂ 2000ದಲ್ಲಿ ‘ಐಎಫ್ಎಲ್’ ಎಂಬ ವಿಶೇಷ ಸಂಸ್ಕಾರಕವನ್ನು ತಂದಿತು. ಸಂಸ್ಕಾರಕವೆಂದರೆ ಗಣಕದಲ್ಲಿ ಲೆಕ್ಕ ಮಾಡುವ ಭಾಗ. ಐಎಫ್ಎಲ್ ಉಳಿದ ಸಂಸ್ಕಾರಕಗಳಂತೆಯೇ ಇದ್ದರೂ, ಲಿನಕ್ಸಿನಂಥ ಕೆಲಸಕ್ಕೆ ಮಾತ್ರ ಮೀಸಲು. ಅದರ ಪಟ್ಟಿಯ ಬೆಲೆ ಆ ದಶಕದಲ್ಲಿ ಸುಮಾರು 1,25,000 ಡಾಲರು. ಕೇಳಿದೊಡನೆ ಇದು ದುಬಾರಿಯೆನಿಸುತ್ತದೆ. ಆದರೆ ಮೇನ್‌ಫ್ರೇಮಿನ ಸಾಮಾನ್ಯ ಸಂಸ್ಕಾರಕಕ್ಕೆ ಇದಕ್ಕಿಂತ ಬಹಳ ಹೆಚ್ಚು ಬೆಲೆಯಿತ್ತು. ಅಲ್ಲದೆ ಮೇನ್‌ಫ್ರೇಮಿನ ಹಳೆಯ ತಂತ್ರಾಂಶಗಳಿಗೆ ಯಂತ್ರದ ಶಕ್ತಿಗೆ ತಕ್ಕಂತೆ ಶುಲ್ಕ ಕೊಡಬೇಕಾಗುತ್ತಿತ್ತು. ಐಎಫ್ಎಲ್ ಸೇರಿಸಿದರೆ ಆ ಶುಲ್ಕ ಏರುತ್ತಿರಲಿಲ್ಲ.

ನಿಜವಾದ ಲೆಕ್ಕ ಯಂತ್ರದ ಬೆಲೆಯಲ್ಲಿಯೇ ಮುಗಿಯುವುದಿಲ್ಲ. ಸಣ್ಣ ಗಣಕ ಅಗ್ಗ, ನಿಜ. ಆದರೆ ಅಂಥವು ಸಾವಿರವಾದಾಗ ಅವುಗಳಿಗೆ ಸ್ಥಳ ಬೇಕು, ವಿದ್ಯುತ್ತು ಬೇಕು, ತಂಪಾದ ಗಾಳಿ ಬೇಕು, ತಂತಿ ಬೇಕು, ನೋಡಿಕೊಳ್ಳುವ ಜನ ಬೇಕು. ಅವುಗಳಲ್ಲಿ ಅನೇಕವು ಬಹುಪಾಲು ಹೊತ್ತು ಸುಮ್ಮನೆ ಕುಳಿತಿರುತ್ತವೆ. ಆದರೂ ವಿದ್ಯುತ್ತು ತಿನ್ನುತ್ತವೆ. ಸಂಸ್ಕಾರಕಗಳ ಸಂಖ್ಯೆಗೆ ತಕ್ಕಂತೆ ಶುಲ್ಕ ಕೇಳುವ ತಂತ್ರಾಂಶಗಳೂ ಉಂಟು. ಗಣಕಗಳು ಹೆಚ್ಚಿದಷ್ಟೂ ಆ ಶುಲ್ಕ ಹೆಚ್ಚುತ್ತದೆ. 2007ರ ಆಗಸ್ಟ್‌ನಲ್ಲಿ ಐಬಿಎಂ, ತನ್ನದೇ ಸುಮಾರು 3,900 ಗಣಕಗಳ ಕೆಲಸವನ್ನು ಲಿನಕ್ಸ್ ನಡೆಸುವ ಸುಮಾರು 30 ಮೇನ್‌ಫ್ರೇಮ್‌ಗಳಿಗೆ ವರ್ಗಾಯಿಸುವ ಯೋಜನೆಯನ್ನು ಪ್ರಕಟಿಸಿತು. ಇದರಿಂದ ವಿದ್ಯುತ್ತಿನ ಬಳಕೆ ಶೇಕಡ 80ರಷ್ಟು ಇಳಿಯುವುದೆಂಬುದು ಅದರ ಅಂದಾಜಾಗಿತ್ತು.

ಹಾಗೆಂದು ಎಲ್ಲರಿಗೂ ಇದು ಲಾಭವೆಂದು ಹೇಳಲಾಗದು. ಹತ್ತಿಪ್ಪತ್ತು ಗಣಕಗಳಲ್ಲಿ ಕೆಲಸ ಸಾಗಿಸುವ ಸಣ್ಣ ಸಂಸ್ಥೆ ಮೇನ್‌ಫ್ರೇಮನ್ನು ಕೊಂಡರೆ ಗುಬ್ಬಿಗೆ ಬ್ರಹ್ಮಾಸ್ತ್ರ ಹೂಡಿದಂತಾಗುತ್ತದೆ. ಎಡೆಬಿಡದೆ ಗಣಿತವನ್ನೇ ಮಾಡಬೇಕಾದ ವೈಜ್ಞಾನಿಕ ಕೆಲಸಕ್ಕೆ ಅಗ್ಗದ ಗಣಕಗಳ ಗುಂಪೇ ಲೇಸು. ಬೇರೆ ಬಗೆಯ ಸಂಸ್ಕಾರಕಕ್ಕಾಗಿ ಸಿದ್ಧಪಡಿಸಿದ ಪ್ರೋಗ್ರಾಂ ಮೇನ್‌ಫ್ರೇಮಿನ ಲಿನಕ್ಸಿನಲ್ಲಿ ಹಾಗೆಯೇ ನಡೆಯುವುದಿಲ್ಲ. ಅದರ ಮೂಲ ಬರಹದಿಂದ ಮತ್ತೆ ಸಿದ್ಧಪಡಿಸಬೇಕು. ಮೂಲ ಬರಹ ಕೊಡದ ಮಾರಾಟಗಾರನಿದ್ದರೆ ಅವನ ಮನಸ್ಸನ್ನು ಕಾಯಬೇಕು.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ನಡುರಾತ್ರಿಯಲ್ಲಿ ವ್ಯವಸ್ಥೆ ನಿಂತರೆ ಯಾರನ್ನು ಕರೆಯಬೇಕು? ಕೊಂಡ ವಸ್ತುವಿಗೆ ಮಾರಿದವನು ಹೊಣೆ. ಎಲ್ಲರೂ ಸೇರಿ ಬರೆದ ವಸ್ತುವಿಗೆ ಹೊಣೆ ಯಾರು? ಬ್ಯಾಂಕಿನಂಥ ಸಂಸ್ಥೆಗಳು ಆರಂಭದಲ್ಲಿ ಹಿಂಜರಿದುದು ಈ ಕಾರಣದಿಂದ. ಜರ್ಮನಿಯ ಸೂಸೆ ಸಂಸ್ಥೆ 2000ದಲ್ಲಿ ಮೇನ್‌ಫ್ರೇಮಿಗೆಂದೇ ಲಿನಕ್ಸನ್ನು ಸಿದ್ಧಪಡಿಸಿ, ಅದರ ಹೊಣೆ ಹೊರಲು ಮುಂದೆ ಬಂದಿತು. ಅಮೆರಿಕದ ರೆಡ್ ಹ್ಯಾಟ್ ಸಂಸ್ಥೆಯೂ ಅದೇ ದಾರಿ ಹಿಡಿಯಿತು. ಇಂಥ ಸಂಸ್ಥೆಗಳು ಲಿನಕ್ಸನ್ನು ಮಾರುವುದಿಲ್ಲ. ಅದರ ಪಾಲನೆಯನ್ನು ಮಾರುತ್ತವೆ. ವಾರ್ಷಿಕ ಶುಲ್ಕ ಪಡೆದು ದೋಷಗಳನ್ನು ತಿದ್ದುತ್ತವೆ, ಭದ್ರತೆಯ ಬಿರುಕುಗಳನ್ನು ಮುಚ್ಚುತ್ತವೆ, ಒಂದೇ ಆವೃತ್ತಿಯನ್ನು ಹತ್ತು ವರ್ಷಗಳವರೆಗೆ ಕಾಪಾಡುತ್ತವೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಕರೆಗೂ ಓಗೊಡುತ್ತವೆ. ಸ್ವತಃ ಬಲ್ಲ ಎಂಜಿನಿಯರರಿರುವ ಸಂಸ್ಥೆ ಶುಲ್ಕವಿಲ್ಲದೆಯೂ ನಡೆಸಬಹುದು. ಆಗ ಅದು ಶುಲ್ಕದ ಬದಲು ತನ್ನವರ ನಿದ್ರೆಯನ್ನು ತೆರುತ್ತದೆ. ಲಿನಕ್ಸ್ ಬಲ್ಲವರು ಬಹಳ ಮಂದಿ, ಮೇನ್‌ಫ್ರೇಮ್ ಬಲ್ಲವರು ಕೆಲವೇ ಮಂದಿ. ಎರಡನ್ನೂ ಬಲ್ಲವರು ಇನ್ನೂ ವಿರಳ. ಅಂಥವರನ್ನು ತಯಾರು ಮಾಡುವುದೂ ಒಂದು ವೆಚ್ಚವೇ.

ಊರ ಕೆರೆಯ ನೀರಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಆದರೆ ಏರಿ ಬಿರಿಯದಂತೆ ನೋಡಬೇಕು, ಹೂಳೆತ್ತಬೇಕು, ತೂಬನ್ನು ಕಾಯಬೇಕು. ಅದಕ್ಕಾಗಿಯೇ ನೀರಗಂಟಿಯಿರುತ್ತಿದ್ದನು, ಅವನಿಗೆ ಊರವರು ಕಾಳು ಅಳೆಯುತ್ತಿದ್ದರು. ಲಿನಕ್ಸಿನ ಸ್ಥಿತಿಯೂ ಇಂಥದೇ. ತಂತ್ರಾಂಶ ಎಲ್ಲರದು, ಅದನ್ನು ಕಾಯುವ ದುಡಿಮೆಗೆ ಮಾತ್ರ ಕೂಲಿಯುಂಟು. ಇದನ್ನು ಅರಿಯದೆ ಬಿಟ್ಟಿಯಾಗಿ ಬಂದಿತೆಂದು ನಂಬಿ ಕುಳಿತವರು ಸಂಕಟಕ್ಕೆ ಸಿಲುಕುತ್ತಾರೆ.

2015ರಲ್ಲಿ ಐಬಿಎಂ ಲಿನಕ್ಸನ್ನು ಮಾತ್ರ ನಡೆಸುವ ‘ಲಿನಕ್ಸ್‌ಒನ್’ ಎಂಬ ಮೇನ್‌ಫ್ರೇಮ್‌ಗಳನ್ನು ಹೊರತಂದಿತು. ಅತಿಥಿಯಾಗಿ ಬಂದುದು ಮನೆಯ ಒಡೆತನವನ್ನೇ ಪಡೆದಂತಾಯಿತು. ಹಳೆಯ ಯಂತ್ರ ತನ್ನ ಸ್ಥೈರ್ಯವನ್ನು ಕೊಟ್ಟಿತು. ಹೊಸ ತಂತ್ರಾಂಶ ತನ್ನ ಮುಕ್ತತೆಯನ್ನು ತಂದಿತು. ಎರಡರ ನಡುವೆ ನಿಂತು ರಾತ್ರಿಯೆಲ್ಲ ಎಚ್ಚರವಿರುವ ಮನುಷ್ಯನ ಶ್ರಮ ಎರಡನ್ನೂ ಉಳಿಸಿದೆ. ಖಾತೆಯ ಲೆಕ್ಕ ತಪ್ಪದಿರುವುದು ಈ ಮೂರರ ಬಲದಿಂದ.

ಪದಗಳ ಅರ್ಥ

ತಂತ್ರಾಂಶ – ಗಣಕಕ್ಕೆ ಕೆಲಸವನ್ನು ತಿಳಿಸುವ ಆಜ್ಞೆಗಳ ಸಮೂಹ
ಕಬಳಿಸು – ನುಂಗು
ಸ್ಥೈರ್ಯ – ಅಲುಗದೆ ನಿಲ್ಲುವ ಗುಣ
ತೂಬು – ಕೆರೆಯ ನೀರನ್ನು ಹೊರಬಿಡುವ ದ್ವಾರ
ನೀರಗಂಟಿ – ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು
ಓಗೊಡು – ಕರೆಗೆ ಉತ್ತರ ಕೊಡು

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸಿಸ್ಟಂ/360 ಯಾವ ವರ್ಷ ಪ್ರಕಟವಾಯಿತು?
2. ಕಾರ್ಯಾಚರಣ ವ್ಯವಸ್ಥೆಯೆಂದರೇನು?
3. ಐಎಫ್ಎಲ್ ಯಾವ ಕೆಲಸಕ್ಕೆ ಮೀಸಲಾದ ಸಂಸ್ಕಾರಕ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕಲ್ಪಿತ ಗಣಕಗಳನ್ನು ಛತ್ರಕ್ಕೆ ಹೋಲಿಸಿರುವುದು ಹೇಗೆ ಒಪ್ಪುತ್ತದೆ?
2. ಕೆಲಸವಿಲ್ಲದ ಲಿನಕ್ಸ್‌ಗಳೂ ಯಂತ್ರದ ಶಕ್ತಿಯನ್ನು ಕಬಳಿಸಿದುದೇಕೆ? ಅದಕ್ಕೆ ದೊರೆತ ಪರಿಹಾರವೇನು?
3. ಸಣ್ಣ ಗಣಕ ಅಗ್ಗವಾದರೂ ಸಾವಿರ ಗಣಕಗಳು ದುಬಾರಿಯಾಗಬಹುದು. ಏಕೆ?

ಇ. ಸಂದರ್ಭವನ್ನು ತಿಳಿಸಿ ವಿವರಿಸಿರಿ.
1. “ಆಗ ಅದು ಶುಲ್ಕದ ಬದಲು ತನ್ನವರ ನಿದ್ರೆಯನ್ನು ತೆರುತ್ತದೆ.”
2. “ತಂತ್ರಾಂಶ ಎಲ್ಲರದು, ಅದನ್ನು ಕಾಯುವ ದುಡಿಮೆಗೆ ಮಾತ್ರ ಕೂಲಿಯುಂಟು.”