ಕೆಂಪು ‘ಎಲ್’ ಅಕ್ಷರ ನಮಗೆ ಏನು ಹೇಳುತ್ತದೆ?



ನಮ್ಮ ಶಾಲೆಯ ಗೇಟಿನ ಮುಂದಿನ ರಸ್ತೆಯಲ್ಲಿ ಓಡಾಡುವ ಕೆಲವು ಬೈಕು, ಕಾರುಗಳ ಮೇಲೆ ಕೆಂಪು ಬಣ್ಣದ ಒಂದು ಅಕ್ಷರ ಇರುತ್ತದೆ. ಅದು ಇಂಗ್ಲಿಷಿನ ‘ಎಲ್’. ಸಣ್ಣ ತರಗತಿಯ ಕೆಲವು ಮಕ್ಕಳು ಅದು ಗಾಡಿ ಯಜಮಾನರ ಹೆಸರಿನ ಮೊದಲ ಅಕ್ಷರ ಅಂತ ತಿಳಿದಿದ್ದಾರೆ. ಹಾಗಾದರೆ ಎಲ್ಲರ ಹೆಸರೂ ಲಕ್ಷ್ಮಣ, ಲೋಕೇಶ ಅಂತಲೇ ಇರಬೇಕಾಗುತ್ತಿತ್ತು! ‘ಲರ್ನರ್’ ಅಂದರೆ ಕಲಿಯುವವರು. ಆ ಪದದ ಮೊದಲ ಅಕ್ಷರವೇ ಎಲ್. ಇದರ ಬಗ್ಗೆ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಕಾನೂನು:
ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆಯೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಇವೆ. ಗಾಡಿ ಕಲಿಯುವವರು ಮೊದಲು ಕಲಿಕಾ ಲೈಸೆನ್ಸ್ ಮಾಡಿಸಬೇಕು. ಇದಕ್ಕೇ ನಮ್ಮೂರಲ್ಲಿ ಎಲ್ಲೆಲ್ಲಾರ್ ಅಂತಾರೆ. ಇದು 6 ತಿಂಗಳು ನಡೆಯುತ್ತದೆ. ಕನಿಷ್ಠ 30 ದಿನ ಕಳೆದ ಮೇಲೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಗಾಡಿಯ ಮುಂದೆಯೂ ಹಿಂದೆಯೂ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಇರಬೇಕು. ಜೊತೆಗೆ ಪೂರ್ಣ ಲೈಸೆನ್ಸ್ ಇರುವ ಕಲಿಸುವವರು ಕೂತಿರಬೇಕು. ಬೇಕಾದಾಗ ಗಾಡಿ ನಿಲ್ಲಿಸಲು ಅವರಿಗೆ ಆಗಬೇಕು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಹತ್ತಿರವೂ ಬ್ರೇಕು ಇರುವುದು ಇದಕ್ಕೇ.

ಅಕ್ಷರದ ಅಳತೆ:
ಎಲ್ ಅನ್ನು ಮನಸ್ಸಿಗೆ ಬಂದಂತೆ ಬರೆಯುವ ಹಾಗಿಲ್ಲ. ಬಿಳಿ ಚೌಕ 18 ಸೆಂ.ಮೀ.ಗಿಂತ ಚಿಕ್ಕದಿರಬಾರದು. ಅಕ್ಷರದ ಎತ್ತರ 10 ಸೆಂ.ಮೀ., ಬುಡದ ಅಗಲ 9 ಸೆಂ.ಮೀ., ಗೀಟಿನ ದಪ್ಪ 2 ಸೆಂ.ಮೀ.ಗಿಂತ ಕಡಿಮೆ ಇರಬಾರದು.

ಇದನ್ನು ನಾವು ಲೆಕ್ಕ ಮಾಡಿ ನೋಡಿದೆವು. ಚೌಕದ ವಿಸ್ತೀರ್ಣ 18 × 18 = 324 ಚದರ ಸೆಂ.ಮೀ. ಉದ್ದ ಗೀಟು 10 × 2 = 20. ಅಡ್ಡ ಗೀಟಿನಲ್ಲಿ ಉಳಿದದ್ದು 7 × 2 = 14. ಒಟ್ಟು ಕೆಂಪು 34, ಬಿಳಿ 290 ಚದರ ಸೆಂ.ಮೀ. ಸುತ್ತ ಅಷ್ಟು ಬಿಳಿ ಬಿಟ್ಟಿರುವುದರಿಂದಲೇ ಕೆಂಪು ಎದ್ದು ಕಾಣುತ್ತದೆ.

ಆಮೇಲೆ ರಟ್ಟಿನ ಮೇಲೆ ಇದೇ ಅಳತೆಯ ಒಂದು ಎಲ್, ಇನ್ನೊಂದು ರಟ್ಟಿನ ಮೇಲೆ 2 ಸೆಂ.ಮೀ. ಎತ್ತರದ ಪುಟ್ಟ ಎಲ್ ಬರೆದು ಆಟದ ಮೈದಾನದಲ್ಲಿ ಇಟ್ಟೆವು. 40 ಹೆಜ್ಜೆ ದೂರದಿಂದ ದೊಡ್ಡದನ್ನು ಎಲ್ಲರೂ ಓದಿದರು. ಚಿಕ್ಕದು ಯಾರಿಗೂ ಗೊತ್ತಾಗಲಿಲ್ಲ. ಮಡ್‌ಗಾರ್ಡಿನ ಮೂಲೆಯಲ್ಲಿ ಪೆನ್ನಿನಿಂದ ಗೀಚಿದರೆ ಅದು ಇದ್ದೂ ಇಲ್ಲದ ಹಾಗೆ.

ಈ ಗುರುತು ಯಾಕೆ ಬೇಕು?
ಹೊಸಬರಿಗೆ ಕ್ಲಚ್, ಗೇರು, ಬ್ರೇಕು, ಕನ್ನಡಿ ಎಲ್ಲದರ ಕಡೆಗೂ ಒಟ್ಟಿಗೆ ಗಮನ ಕೊಡುವುದು ಕಷ್ಟ. ಕ್ಲಚ್ಚನ್ನು ಗಬಕ್ಕನೆ ಬಿಟ್ಟರೆ ಎಂಜಿನ್ ಆಫ್ ಆಗುತ್ತದೆ. ಏರಿನಲ್ಲಿ ಹಾಗಾದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಹಿಂದಿನವರು ಪೀಂ ಪೀಂ ಅಂತ ಹಾರ್ನ್ ಹೊಡೆದರೆ ಗಾಬರಿಯಾಗಿ ಮತ್ತೊಮ್ಮೆ ಆಫ್ ಮಾಡ್ತಾರೆ. ಹಿಂದಿನವರು ಎಲ್ ನೋಡಿ ಸ್ವಲ್ಪ ದೂರದಲ್ಲಿ ನಿಂತರೆ ಇಬ್ಬರಿಗೂ ಕ್ಷೇಮ. ಆದ್ದರಿಂದ ಎಲ್ ಬರೆಯುವುದು ಓಡಿಸುವವರ ಕೆಲಸ, ಅದನ್ನು ಓದಿ ಜಾಗ ಬಿಡುವುದು ಉಳಿದವರ ಕೆಲಸ.

ನಮ್ಮ ಅಕ್ಕ ಸ್ಕೂಟರ್ ಕಲಿಯುವಾಗ ಅಳತೆ ಪ್ರಕಾರವೇ ಎಲ್ ಅಂಟಿಸಿದ್ದಳು. ಅಂಗಡಿ ಕಟ್ಟೆಯ ಮೇಲೆ ಕೂತಿದ್ದವರು “ಎಲ್ ಬಂತು, ಎಲ್ಲಾ ದೂರ ಓಡ್ರೋ” ಅಂತ ನಕ್ಕರು. ಅಕ್ಕ ನಾಚಿಕೆಯಿಂದ ಮನೆಗೆ ಬಂದು ಅದನ್ನು ಕಿತ್ತು ಹಾಕಿದಳು. ಅಪ್ಪ “ನಗೋರು ನಗಲಿ, ಬಿದ್ದರೆ ಎತ್ತೋಕೆ ಅವರು ಬರ್ತಾರಾ?” ಅಂತ ಹೇಳಿ ಮತ್ತೆ ಅಂಟಿಸಿದರು. ಒಂದನೇ ತರಗತಿಯ ಮಗು ಅಕ್ಷರ ತಿದ್ದುವಾಗ ನಾವು ನಗುತ್ತೇವಾ? ಕಲಿಯುವವರು ನಾಚಿಕೊಂಡು ಗುರುತು ಕಿತ್ತರೆ ಅಪಾಯ ಅವರೊಬ್ಬರಿಗೇ ಅಲ್ಲ. ರಸ್ತೆ ಬದಿಯಲ್ಲಿ ನಡೆದು ಬರುವ ನಮಗೂ ಇದೆ.

ಬೇರೆ ದೇಶಗಳಲ್ಲಿ:
ಬ್ರಿಟನ್ನಿನಲ್ಲಿ 1935ರಲ್ಲಿ ಚಾಲನಾ ಪರೀಕ್ಷೆ ಕಡ್ಡಾಯವಾಯಿತು. ಅದೇ ವರ್ಷ ಅಲ್ಲಿ ಎಲ್ ಫಲಕವೂ ಬಂತು. ಅಲ್ಲಿನ ವೇಲ್ಸ್ ಪ್ರಾಂತದಲ್ಲಿ ಎಲ್ ಬದಲು ತಮ್ಮ ಭಾಷೆಯ ‘ಡಿ’ ಹಾಕಬಹುದು. ಜಪಾನಿನ ಗುರುತು ನನಗೆ ಬಹಳ ಇಷ್ಟವಾಯಿತು. 1972ರಲ್ಲಿ ಬಂದ ಆ ಗುರುತು ಒಂದು ಚಿಗುರೆಲೆ. ಅರ್ಧ ಹಳದಿ, ಅರ್ಧ ಹಸಿರು. ಲೈಸೆನ್ಸ್ ಸಿಕ್ಕಿದ ಮೇಲೂ ಒಂದು ವರ್ಷ ಅದನ್ನು ಕಾರಿಗೆ ಅಂಟಿಸಿರಬೇಕು. ಅಂಥ ಕಾರಿನ ಮುಂದೆ ಬೇರೆಯವರು ಸುಮ್ಮಸುಮ್ಮನೆ ನುಗ್ಗುವುದು ಅಲ್ಲಿ ತಪ್ಪು.

ನಮ್ಮಲ್ಲಿ ಲೈಸೆನ್ಸ್ ಬಂದ ದಿನವೇ ಎಲ್ ತೆಗೆಯಬಹುದು. ಆದರೆ ಕೈ ಒಂದೇ ದಿನಕ್ಕೆ ಪಳಗುವುದಿಲ್ಲ. ಆದ್ದರಿಂದ ಎಲ್ ಇಲ್ಲದ ಗಾಡಿಯನ್ನೂ ಹೊಸಬರೇ ಓಡಿಸುತ್ತಿರಬಹುದು ಅಂತ ತಿಳಿದು ನಾವು ನಡೆಯಬೇಕು.

ನಾವು ನೆನಪಿಡಬೇಕಾದದ್ದು:
1. ಎಲ್ ಇರುವ ಗಾಡಿ ಬಂದರೆ ಅದು ಮುಂದೆ ಹೋಗುವವರೆಗೆ ರಸ್ತೆ ದಾಟಬಾರದು.
2. ಏರಿನಲ್ಲಿ ನಿಂತಿರುವ ಅಂಥ ಗಾಡಿಯ ಬೆನ್ನ ಹಿಂದೆ ಸೈಕಲ್ ನಿಲ್ಲಿಸಬಾರದು.
3. ಎಲ್ ಇರುವ ಬೈಕಿನ ಹಿಂದೆ ಲೈಸೆನ್ಸ್ ಇರುವ ಕಲಿಸುವವರನ್ನು ಬಿಟ್ಟು ಬೇರೆ ಯಾರೂ ಕೂರಬಾರದು. ಇದೂ ನಿಯಮವೇ. ಸ್ಕೂಲಿಗೆ ತಡವಾಯಿತು ಅಂತ ಅಣ್ಣನ ಹಿಂದೆ ಹತ್ತಬೇಡಿ. ನಡೆದೇ ಬನ್ನಿ.
4. ಗೇರ್ ಇಲ್ಲದ, 50 ಸಿಸಿ ಮೀರದ ಗಾಡಿಗೆ 16 ವರ್ಷ, ಬೈಕು ಕಾರುಗಳಿಗೆ 18 ವರ್ಷ ತುಂಬಿರಬೇಕು. ನಮಗಿನ್ನೂ 13. ಎಲ್ ಅಂಟಿಸಿದರೂ ನಾವು ಓಡಿಸುವ ಹಾಗಿಲ್ಲ. 2019ರ ತಿದ್ದುಪಡಿಯ ಪ್ರಕಾರ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಆಗಬಹುದು.
5. ಕಲಿಯುವವರನ್ನು ನೋಡಿ ನಗಬಾರದು.

ಮಾಡಿ ನೋಡಿ: ನಿಮ್ಮ ಮನೆಯಲ್ಲಿ ಯಾರಾದರೂ ಗಾಡಿ ಕಲಿಯುತ್ತಿದ್ದರೆ ಸ್ಕೇಲು ಹಿಡಿದು ಅವರ ಎಲ್ ಅಳೆಯಿರಿ. ಚಿಕ್ಕದಿದ್ದರೆ ಬಿಳಿ ರಟ್ಟು, ಕೆಂಪು ಬಣ್ಣ ತಂದು ಸರಿಯಾದ್ದನ್ನು ನೀವೇ ಮಾಡಿಕೊಡಿ. ಮುಂದಕ್ಕೊಂದು, ಹಿಂದಕ್ಕೊಂದು, ಒಟ್ಟು ಎರಡು ಬೇಕು.

– 7ನೇ ತರಗತಿ